ಪಿಎಸ್2 ಆನ್ ಆಗುತ್ತಿಲ್ವಾ? ಬಿಚ್ಚುವ ಮೊದಲು ವೈರ್ ನೋಡಿ

ಅಟ್ಟದಿಂದ ಇಳಿಸಿದ ಪಿಎಸ್2 (ಟಿವಿಗೆ ಜೋಡಿಸಿ ಆಡುವ ಸೋನಿಯ ಪ್ಲೇಸ್ಟೇಷನ್ 2 ಗೇಮ್ ಯಂತ್ರ) ಆನ್ ಆಗಲಿಲ್ಲ ಎಂದ ಕೂಡಲೇ ಎಷ್ಟೋ ಜನ ಸ್ಕ್ರೂಡ್ರೈವರ್ ಹುಡುಕುತ್ತಾರೆ. ದಯವಿಟ್ಟು ಅವಸರ ಮಾಡಬೇಡಿ. ಸತ್ತಿದೆ ಎಂದು ನನ್ನ ಕೈಗೆ ಬಂದ ಪಿಎಸ್2ಗಳಲ್ಲಿ ಜಾಸ್ತಿ ಪಾಲು ಸತ್ತೇ ಇರಲಿಲ್ಲ. ಒಂದರಲ್ಲಿ ಪವರ್ ವೈರ್ ಒಳಗೇ ತುಂಡಾಗಿತ್ತು, ಇನ್ನೊಂದರ ಅಡಾಪ್ಟರ್ ಸೋತಿತ್ತು, ಮತ್ತೊಂದರಲ್ಲಿ ಚಿತ್ರ ಒಯ್ಯುವ ಹಳದಿ ಪಿನ್ನನ್ನು ಟಿವಿಯ ತಪ್ಪು ತೂತಿಗೆ ಹಾಕಿದ್ದರು. ನನ್ನದೇ ಪಿಎಸ್2 ನೋಡಿ ರಿಪೇರಿಯವರೊಬ್ಬರು "ಬೋರ್ಡ್ ಹೋಗಿದೆ, ಬಿಟ್ಟುಬಿಡಿ" ಎಂದಿದ್ದರು. ಮನೆಗೆ ತಂದು ಹಳೇ ಟೇಪ್ ರೆಕಾರ್ಡರಿನ ವೈರ್ ಸಿಕ್ಕಿಸಿದೆ, ಕೆಂಪು ದೀಪ ಹತ್ತಿತು. ಅದೇ ಯಂತ್ರದಲ್ಲಿ ಈಗ ನನ್ನ ಮಗಳು ಕಾರ್ ರೇಸ್ ಆಡುತ್ತಾಳೆ.

ಈ ಯಂತ್ರ ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದು 2000ದ ಮಾರ್ಚ್ 4ರಂದು. 2013ರ ಆರಂಭದ ಹೊತ್ತಿಗೆ ತಯಾರಿಕೆಯೇ ನಿಂತಿತು. ಅಂಗಡಿಗೆ ಹೋಗಿ ಹೊಸದು ತರುವ ಮಾತಿಲ್ಲ, ಇರುವುದನ್ನು ಉಳಿಸಿಕೊಳ್ಳಬೇಕು. ಅದಕ್ಕೇ ದುಡ್ಡು ಖರ್ಚಾಗದ ಪರೀಕ್ಷೆಗಳಿಂದ ಶುರು ಮಾಡಿ ಒಂದೊಂದಾಗಿ ಬರೆಯುತ್ತಿದ್ದೇನೆ.

ಮೊದಲು ನಿಮ್ಮದು ಯಾವುದು ನೋಡಿಕೊಳ್ಳಿ

ಯಂತ್ರವನ್ನು ತಿರುಗಿಸಿ ಸ್ಟಿಕ್ಕರ್ ಓದಿ. ಎಸ್‌ಸಿಪಿಎಚ್ ಎಂದು ಶುರುವಾಗಿ ಐದಂಕಿಯ ಸಂಖ್ಯೆ ಇರುತ್ತದೆ. 10000ದಿಂದ 50000ದ ಸಾಲಿನವರೆಗಿನವು ದಪ್ಪ ಪಿಎಸ್2. ಇವುಗಳಲ್ಲಿ ಪವರ್ ಸಪ್ಲೈ (ಮನೆಯ ಕರೆಂಟನ್ನು ಯಂತ್ರಕ್ಕೆ ಬೇಕಾದಂತೆ ಬದಲಿಸುವ ಭಾಗ) ಒಳಗೇ ಇದೆ, ಹಿಂದೆ ಒಂದು ಮೇನ್ ಸ್ವಿಚ್ ಇದೆ. 70000ದ ಸಾಲಿನವು 2004ರಲ್ಲಿ ಬಂದ ಸ್ಲಿಮ್. ಇವುಗಳಿಗೆ ಹೊರಗಡೆ 8.5 ವೋಲ್ಟಿನ ಅಡಾಪ್ಟರ್ ಬೇಕು. ಕೊನೆಗೆ ಬಂದ 90000ದ ಸಾಲು ನೋಡಲು ಸ್ಲಿಮ್ಮೇ ಆದರೂ ಅದರಲ್ಲಿ ಪವರ್ ಸಪ್ಲೈ ಮತ್ತೆ ಒಳಗೆ ಹೋಯಿತು. ಗೋಡೆಯಿಂದ ಬರುವ ವೈರ್ ನೇರ ಯಂತ್ರಕ್ಕೇ ಸಿಕ್ಕುತ್ತದೆ.

ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ. ಪವರ್ ಸಪ್ಲೈ ಒಳಗಿರುವ ಯಂತ್ರ ಬಿಚ್ಚಿದರೆ ಮನೆಯ ಕರೆಂಟಿಗೇ ಕೈ ಹಾಕಿದ ಹಾಗೆ.

ಅಮೆರಿಕದಿಂದಲೋ ಜಪಾನಿನಿಂದಲೋ ಬಂದದ್ದಾ?

ಹಾಗಿದ್ದರೆ ಇದನ್ನು ಓದುವವರೆಗೂ ಪ್ಲಗ್ ಹಾಕಲೇಬೇಡಿ. ಮಾದರಿ ಸಂಖ್ಯೆಯ ಕೊನೆ ಎರಡಂಕಿ 01 ಇದ್ದರೆ ಅದು ಅಮೆರಿಕದ್ದು, 00 ಇದ್ದರೆ ಜಪಾನಿನದು. ಅಮೆರಿಕದ ದಪ್ಪ ಪಿಎಸ್2 120 ವೋಲ್ಟಿಗೆ ಮಾಡಿದ್ದು, ಜಪಾನಿನದು 100 ವೋಲ್ಟಿಗೆ. ನಮ್ಮ ಮನೆಗಳಲ್ಲಿ ಬರುವುದು 230 ವೋಲ್ಟ್.

ನಮ್ಮ ಚಿಕ್ಕಮ್ಮನ ಮಗ ಅಮೆರಿಕದಿಂದ ವಾಪಸ್ ಬರುವಾಗ ಒಂದು ದಪ್ಪ ಪಿಎಸ್2 ತಂದಿದ್ದ. ಅದರ ಚಪ್ಪಟೆ ಪಿನ್ ನಮ್ಮ ಬೋರ್ಡಿಗೆ ಕೂರಲಿಲ್ಲ. ಮನೆಯಲ್ಲಿದ್ದ ರೇಡಿಯೋ ವೈರ್ ತಂದು ಹಾಕಿದ, ಅದು ಸಲೀಸಾಗಿ ಕೂತಿತು. ಸ್ವಿಚ್ ಹಾಕಿದ್ದೇ ಪಟ್ ಎಂದು ಸದ್ದು, ಆಮೇಲೆ ಸುಟ್ಟ ವಾಸನೆ. ಅಲ್ಲಿಯ, ಇಲ್ಲಿಯ ಯಂತ್ರಗಳಿಗೆ ವೈರ್ ಸಿಕ್ಕಿಸುವ ತೂತು ಒಂದೇ ಥರ ಇರುವುದರಿಂದಲೇ ಈ ಅನಾಹುತ ಇಷ್ಟು ಸುಲಭವಾಗಿ ಆಗುತ್ತದೆ. ವೈರ್ ಕೂತಿತು ಎಂದ ಮಾತ್ರಕ್ಕೆ ವೋಲ್ಟೇಜ್ ಸರಿ ಇದೆ ಎಂದಲ್ಲ. ಐವತ್ತು ರೂಪಾಯಿಯ ಕನ್ವರ್ಷನ್ ಪ್ಲಗ್ ಕೂಡ ಪಿನ್ನಿನ ಆಕಾರ ಬದಲಿಸುತ್ತದೆ ಅಷ್ಟೆ, ವೋಲ್ಟೇಜ್ ಇಳಿಸುವುದಿಲ್ಲ.

ಇಂಥ ಯಂತ್ರಕ್ಕೆ 230ರಿಂದ 110ಕ್ಕೆ ಇಳಿಸುವ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. 150 ವ್ಯಾಟ್ ಅಥವಾ ಅದಕ್ಕಿಂತ ಜಾಸ್ತಿಯದು ತಗೊಳ್ಳಿ. ಎತ್ತಿದರೆ ಭಾರ ಇರಬೇಕು, ಒಳಗೆ ತಾಮ್ರದ ಸುತ್ತು, ಕಬ್ಬಿಣ ಇರುತ್ತದಲ್ಲ. ಅಂಗೈಯಷ್ಟು ಹಗುರವಾಗಿದ್ದು ಮೇಲೆ 1500 ವ್ಯಾಟ್ ಎಂದು ಬರೆದಿರುವ ಪ್ರವಾಸದ ಕನ್ವರ್ಟರ್‌ಗಳು ಕೂದಲು ಒಣಗಿಸುವ ಯಂತ್ರದಂಥವಕ್ಕೆ ಮಾಡಿದವು. ಅವನ್ನು ಪಿಎಸ್2ಗೆ ಹಾಕಬೇಡಿ.

ಈಗಾಗಲೇ 230ಕ್ಕೆ ಹಾಕಿ ಪಟ್ ಎನಿಸಿಬಿಟ್ಟಿದ್ದರೆ ಪೂರ್ತಿ ಆಸೆ ಬಿಡಬೇಡಿ. ಎಷ್ಟೋ ಸಲ ಒಳಗಿನ ಫ್ಯೂಸ್ ಮತ್ತು ಅದರ ಪಕ್ಕದಲ್ಲಿ ವೋಲ್ಟೇಜ್ ತಡೆಯಲೆಂದೇ ಇಟ್ಟ ಒಂದು ಸಣ್ಣ ಬಿಲ್ಲೆ ಸುಟ್ಟು ಉಳಿದದ್ದನ್ನು ಕಾಪಾಡಿರುತ್ತವೆ. ಆದರೆ ಮತ್ತೊಂದು ಸಲ ಪ್ಲಗ್ ಹಾಕಿ ನೋಡುವುದು ಬೇಡ, ನೇರ ರಿಪೇರಿಯವರ ಹತ್ತಿರ ಒಯ್ಯಿರಿ.

70000ದ ಸಾಲಿನ ಸ್ಲಿಮ್ಮಿನವರು ಅಡಾಪ್ಟರಿನ ಮೇಲೆ ಓದಿ. 100-240 ವೋಲ್ಟ್ ಎಂದಿದ್ದರೆ ಇಲ್ಲೂ ನಡೆಯುತ್ತದೆ, ಬರೀ ಪಿನ್ ಬದಲಿಸಿದರೆ ಸಾಕು.

ದೀಪವೇ ಹತ್ತುತ್ತಿಲ್ಲ

ಗೋಡೆಯ ಕಡೆಯಿಂದ ಶುರು ಮಾಡಿ. ಅದೇ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಎಕ್ಸ್‌ಟೆನ್ಷನ್ ಬಾಕ್ಸ್ ಇದ್ದರೆ ಅದನ್ನು ಬಿಟ್ಟು ನೇರ ಗೋಡೆಗೆ ಹಾಕಿ. ಹಳೇ ಬಾಕ್ಸುಗಳ ಒಳಗಿನ ಹಿತ್ತಾಳೆ ಪಟ್ಟಿ ಅಗಲವಾಗಿ, ಪಿನ್ ಒಳಗೆ ಹೋದರೂ ತಾಗಿರುವುದಿಲ್ಲ. ದಪ್ಪ ಪಿಎಸ್2 ಆದರೆ ಹಿಂದಿನ ಮೇನ್ ಸ್ವಿಚ್ ಹಾಕಿದ್ದೀರಾ ನೋಡಿ. ಸ್ಲಿಮ್ಮಿನಲ್ಲಿ ಆ ಸ್ವಿಚ್ ಇಲ್ಲದ್ದರಿಂದ ಅದರಲ್ಲಿ ಆಡಿ ಬೆಳೆದವರಿಗೆ ಇದು ಹೊಳೆಯುವುದೇ ಇಲ್ಲ. ಎಲ್ಲ ಸರಿ ಇದ್ದರೆ ಮುಂದಿನ ದೀಪ ಕೆಂಪಾಗಿ ಹತ್ತಬೇಕು. ಕೆಂಪು ಎಂದರೆ ಕರೆಂಟ್ ಬಂದಿದೆ, ಯಂತ್ರ ಕಾಯುತ್ತಿದೆ ಎಂದರ್ಥ. ಬಟನ್ ಒತ್ತಿದ ಮೇಲೆ ಹಸಿರು.

ಆಮೇಲೆ ವೈರ್. ದಪ್ಪದರಲ್ಲೂ 90000ದ ಸಾಲಿನಲ್ಲೂ ಬರುವುದು ಇಂಗ್ಲಿಷಿನ 8ರ ಆಕಾರದ ಎರಡು ತೂತಿನ ವೈರ್. ರೇಡಿಯೋ, ಟೇಪ್ ರೆಕಾರ್ಡರ್, ಕೆಲವು ಪ್ರಿಂಟರ್, ಸೆಟ್‌ಟಾಪ್ ಬಾಕ್ಸ್‌ಗಳಲ್ಲಿ ಇರುವುದೂ ಅದೇ. ಮನೆಯಲ್ಲಿ ಒಂದು ಇದ್ದೇ ಇರುತ್ತದೆ, ಬದಲಿಸಿ ನೋಡಿ. ಹೊಸದು ಕೊಂಡರೂ ನೂರು ರೂಪಾಯಿಯ ಆಸುಪಾಸು. ವೈರ್ ಸಾಮಾನ್ಯವಾಗಿ ತುಂಡಾಗುವುದು ಪಿನ್ನಿನ ಬುಡದಲ್ಲಿ, ಸುತ್ತಿ ಸುತ್ತಿ ಇಟ್ಟ ಕಡೆ. ಹೊರಗೆ ಏನೂ ಕಾಣುವುದಿಲ್ಲ. ಮಲ್ಟಿಮೀಟರ್ (ವೋಲ್ಟೇಜ್, ಕರೆಂಟ್ ಅಳೆಯುವ ಮೀಟರ್) ಇದ್ದರೆ ವೈರನ್ನು ಎರಡೂ ಕಡೆ ಪೂರ್ತಿ ಕಳಚಿ, ಬೀಪ್ ಬರುವ ಗುರುತಿಗೆ ಇಟ್ಟು, ಒಂದು ತುದಿಯಿಂದ ಇನ್ನೊಂದು ತುದಿಗೆ ಹಿಡಿದು ನೋಡಿ. ಬುಡವನ್ನು ಬಗ್ಗಿಸುವಾಗ ಬೀಪ್ ಬಂದು ನಿಂತು ಮಾಡಿದರೆ ಅದನ್ನು ಎಸೆಯಿರಿ, ಟೇಪ್ ಸುತ್ತಿ ಉಳಿಸಿಕೊಳ್ಳಬೇಡಿ. ಗೋಡೆಯಲ್ಲಿ ಪ್ಲಗ್ ಇರುವಾಗ ಮೀಟರ್ ಕಡ್ಡಿ ತೂರಿಸಿ 230 ವೋಲ್ಟ್ ಅಳೆಯುವ ಕೆಲಸ ಅಭ್ಯಾಸ ಇಲ್ಲದವರಿಗೆ ಬೇಡ.

70000ದ ಸಾಲಿನ ಸ್ಲಿಮ್ಮಿನಲ್ಲಿ ಮೊದಲ ಅನುಮಾನ ಅಡಾಪ್ಟರ್ ಮೇಲೆ. ಅದನ್ನು ಗೋಡೆಯಿಂದಲೂ ಯಂತ್ರದಿಂದಲೂ ಕಳಚಿ ಹತ್ತು ನಿಮಿಷ ಹಾಗೇ ಬಿಡಿ. ವೋಲ್ಟೇಜ್ ಏರುಪೇರಾದಾಗ ಕೆಲವು ಅಡಾಪ್ಟರ್‌ಗಳು ತಾವೇ ನಿಂತುಬಿಡುತ್ತವೆ, ಪೂರ್ತಿ ಖಾಲಿಯಾದ ಮೇಲೆ ಮತ್ತೆ ಏಳುತ್ತವೆ. ಅದರಿಂದ ಆಗಲಿಲ್ಲವಾದರೆ ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು ಅಡಾಪ್ಟರಿನ ಸಣ್ಣ ಪಿನ್ನಿನಲ್ಲಿ ಅಳೆಯಿರಿ. 8.5ರ ಆಸುಪಾಸು ಬರಬೇಕು. ಏನೂ ಬರಲಿಲ್ಲವಾದರೆ ಅಡಾಪ್ಟರ್ ಅಥವಾ ಅದರ ವೈರ್ ಹೋಗಿದೆ. ಬರೀ ಅಡಾಪ್ಟರಿನಲ್ಲಿ 8.5 ಸರಿಯಾಗಿ ಬಂದು, ಯಂತ್ರಕ್ಕೆ ಚುಚ್ಚಿದ ತಕ್ಷಣ ಅದು ಸತ್ತ ಹಾಗೆ ಆಗುತ್ತಿದ್ದರೆ ಯಂತ್ರದ ಒಳಗೆ ಎಲ್ಲೋ ಶಾರ್ಟ್ ಇರುವ ಅನುಮಾನ ಬಲವಾಗುತ್ತದೆ. ಅಲ್ಲಿಗೆ ನಿಮ್ಮ ಕೆಲಸ ನಿಲ್ಲಿಸಿ.

ಬೇರೆ ಅಡಾಪ್ಟರ್ ಹಾಕುವವರಿಗೆ ಒಂದು ಮಾತು. ವೋಲ್ಟ್ ಒಂದೇ ಇರಬೇಕು, ಪ್ಲಸ್ ಮೈನಸ್ ಚಿತ್ರ ಒಂದೇ ಇರಬೇಕು, ಆಂಪ್ ಅಷ್ಟೇ ಇರಲಿ ಅಥವಾ ಜಾಸ್ತಿ ಇರಲಿ. ಮೊದಲ ಸ್ಲಿಮ್ಮಿನ ಅಡಾಪ್ಟರ್ 5.65 ಆಂಪಿನದು. ವೈಫೈ ರೂಟರಿನ 9 ವೋಲ್ಟಿನ ಪುಟ್ಟ ಅಡಾಪ್ಟರ್ ಹತ್ತಿರ ಹತ್ತಿರ ಅನ್ನಿಸಬಹುದು, ಅದರ ಅರ್ಧ ಆಂಪು, ಒಂದು ಆಂಪಿನಲ್ಲಿ ಈ ಯಂತ್ರ ಏಳುವುದಿಲ್ಲ. 12 ವೋಲ್ಟಿನ ಸೆಟ್‌ಟಾಪ್ ಬಾಕ್ಸಿನದು, 19 ವೋಲ್ಟಿನ ಲ್ಯಾಪ್‌ಟಾಪಿನದು ಹಾಕಿದರೆ ಯಂತ್ರವೇ ಸುಡುತ್ತದೆ.

ಕೆಂಪು ಇದೆ, ಹಸಿರು ಬರುತ್ತಿಲ್ಲ, ಅಥವಾ ಬಂದು ಹೋಗುತ್ತದೆ

ಹಸಿರು ಒಂದು ಕ್ಷಣ ಬಂದು ಆರಿದರೆ ಸ್ಲಿಮ್ಮಿನಲ್ಲಿ ಮತ್ತೆ ಅಡಾಪ್ಟರನ್ನೇ ಅನುಮಾನಿಸಿ. ಮೀಟರಿನಲ್ಲಿ 8.5 ತೋರಿಸಿತಲ್ಲ ಎನ್ನಬಹುದು. ಖಾಲಿ ಇದ್ದಾಗ ತೋರಿಸುತ್ತದೆ, ಡಿಸ್ಕ್ ತಿರುಗಿಸುವ ಭಾರ ಬಿದ್ದಾಗ ವೋಲ್ಟೇಜ್ ಕುಸಿಯುತ್ತದೆ. ವರ್ಷಗಟ್ಟಲೆ ಬಿಸಿಯಲ್ಲಿ ಇದ್ದು ಒಳಗಿನ ಕೆಪಾಸಿಟರ್ (ಕರೆಂಟ್ ಕೂಡಿಟ್ಟುಕೊಳ್ಳುವ ಬಿಡಿಭಾಗ) ಒಣಗಿದ ಅಡಾಪ್ಟರಿನ ಗುಣವೇ ಇದು. ಇದನ್ನು ಖಚಿತ ಮಾಡಿಕೊಳ್ಳಲು ಗೆಳೆಯರ ಮನೆಯ ಸರಿ ಇರುವ ಅಡಾಪ್ಟರ್ ತಂದು ಹಾಕಿ ನೋಡುವುದೊಂದೇ ಸುಲಭದ ದಾರಿ. ಒಂದು ಡಿಸ್ಕೂ ಹಾಕದೆ ಆನ್ ಮಾಡಿ ನೋಡಿ. ಡಿಸ್ಕ್ ಇಲ್ಲದಿದ್ದಾಗ ನಿಂತು, ಡಿಸ್ಕ್ ಹಾಕಿದಾಗ ಬಿದ್ದರೆ ಈ ಅನುಮಾನ ಇನ್ನೂ ಗಟ್ಟಿ.

ಯಂತ್ರದ ಹಿಂದೆ ಅಡಾಪ್ಟರ್ ಪಿನ್ ಚುಚ್ಚುವ ಜಾಗವೂ ಲೂಸ್ ಆಗುತ್ತದೆ. ಪಿನ್ ಮೆಲ್ಲಗೆ ಅಲ್ಲಾಡಿಸಿದಾಗ ದೀಪ ಮಿನುಗಿದರೆ ಒಳಗಿನ ಬೆಸುಗೆ ಬಿಟ್ಟಿದೆ. ಹಾಗೇ ಆಡಿಕೊಂಡಿರಬೇಡಿ, ಬಿಟ್ಟು ಬಿಟ್ಟು ತಾಗುವ ಕಡೆ ಬಿಸಿಯಾಗಿ ಪ್ಲಾಸ್ಟಿಕ್ ಕರಗುತ್ತದೆ.

ದಪ್ಪ ಪಿಎಸ್2ನಲ್ಲಿ ಬಟನ್ ಒತ್ತಿದರೂ ಏನೂ ಆಗುವುದಿಲ್ಲ ಎಂದರೆ ಒಂದು ಪ್ರಶ್ನೆ ಕೇಳಿಕೊಳ್ಳಿ, ಇದನ್ನು ಹಿಂದೆ ಯಾರಾದರೂ ಬಿಚ್ಚಿದ್ದರಾ? ಮುಂದಿನ ಬಟನ್ನು, ದೀಪ ಇರುವ ಭಾಗದಿಂದ ಬೋರ್ಡಿಗೆ ಕಾಗದದಷ್ಟು ತೆಳ್ಳಗಿನ ಒಂದು ಪಟ್ಟಿ ಹೋಗುತ್ತದೆ. ಲೆನ್ಸ್ ಒರೆಸಲು ಮುಚ್ಚಳ ಎತ್ತಿದವರು ಅದನ್ನು ಗೊತ್ತಿಲ್ಲದೆ ಎಳೆದುಬಿಡುತ್ತಾರೆ. ಲೆನ್ಸ್ ಒರೆಸಿದ ಮೇಲೆ ಆನ್ ಆಗಲಿಲ್ಲ ಎನ್ನುವ ಯಂತ್ರದಲ್ಲಿ ನಾನು ಮೊದಲು ನೋಡುವುದು ಇದನ್ನೇ.

ಹಸಿರು ದೀಪ ಇದೆ, ಫ್ಯಾನ್ ಸದ್ದು ಇದೆ, ಟಿವಿ ಮಾತ್ರ ಕಪ್ಪು

ಹಾಗಿದ್ದರೆ ಪವರ್ ಕಡೆ ನೋಡುವುದು ಸದ್ಯಕ್ಕೆ ಬೇಡ, ತೊಂದರೆ ಚಿತ್ರದ ದಾರಿಯಲ್ಲಿ ಇರುವುದೇ ಜಾಸ್ತಿ. ಯಂತ್ರ ಆಫ್ ಮಾಡಿಯೇ ವೈರ್ ಕಳಚಿ, ಹಾಕಿ.

ಟಿವಿಯ ರಿಮೋಟಿನಲ್ಲಿ ಸರಿಯಾದ ಇನ್‌ಪುಟ್ ಆರಿಸಿದ್ದೀರಾ? ಎವಿ (ಹಳದಿ ಪಿನ್ ಒಂದರಲ್ಲೇ ಚಿತ್ರ ಬರುವ ದಾರಿ), ಕಾಂಪೊನೆಂಟ್ (ಹಸಿರು, ನೀಲಿ, ಕೆಂಪು ಮೂರು ಪಿನ್ನಿನಲ್ಲಿ ಚಿತ್ರ ಬರುವ ದಾರಿ) ಎರಡೂ ಬೇರೆ ಬೇರೆ. ಈಗಿನ ಎಷ್ಟೋ ಎಲ್‌ಇಡಿ ಟಿವಿಗಳಲ್ಲಿ ಹಳದಿ ತೂತೇ ಇಲ್ಲ. ಹಸಿರು ತೂತಿಗೇ ಹಳದಿ ಪಿನ್ ಹಾಕಬೇಕು, ಪಕ್ಕದಲ್ಲಿ ಸಣ್ಣಗೆ ಬರೆದಿರುತ್ತದೆ, ಟಾರ್ಚ್ ಹಿಡಿದು ಓದಿ. ಇನ್ನು ಕೆಲವು ಟಿವಿಗಳಲ್ಲಿ ಇಯರ್‌ಫೋನ್ ತೂತಿನಂಥದಕ್ಕೆ ಒಂದು ಗಿಡ್ಡ ವೈರ್ ಚುಚ್ಚಿ ಅದಕ್ಕೆ ಮೂರು ಬಣ್ಣ ಸೇರಿಸುವ ಏರ್ಪಾಡಿದೆ. ಈ ಗಿಡ್ಡ ವೈರುಗಳು ನೋಡಲು ಒಂದೇ ಥರ ಇದ್ದರೂ ಒಳಗಿನ ಜೋಡಣೆ ಬೇರೆ ಬೇರೆ ಇರುತ್ತದೆ. ಟಿವಿ ಜೊತೆ ಬಂದದ್ದನ್ನೇ ಬಳಸಿ. ಅದು ಕಳೆದುಹೋಗಿದ್ದರೆ, ಬೇರೆಯದರಲ್ಲಿ ಹಳದಿಯನ್ನು ಮೂರೂ ತೂತಿಗೆ ಒಂದೊಂದಾಗಿ ಹಾಕಿ ನೋಡಿ, ಎಷ್ಟೋ ಸಲ ಕೆಂಪಿನಲ್ಲೋ ಬಿಳಿಯಲ್ಲೋ ಚಿತ್ರ ಸಿಕ್ಕಿಬಿಡುತ್ತದೆ.

ಟಿವಿಯ ಅದೇ ತೂತಿಗೆ ಸೆಟ್‌ಟಾಪ್ ಬಾಕ್ಸ್ ಹಾಕಿ ನೋಡಿ. ಅದರ ಚಿತ್ರ ಬಂದರೆ ಟಿವಿ ಸರಿ ಇದೆ. ಇನ್ನು ಉಳಿದದ್ದು ಪಿಎಸ್2ನ ಎವಿ ವೈರ್. ಪಿಎಸ್3ರ ಎವಿ ವೈರ್ ಕೂಡ ಇದೇ ತೂತಿಗೆ ಕೂರುತ್ತದೆ, ಕೆಲಸವೂ ಮಾಡುತ್ತದೆ. ಹಾಗಾಗಿ ಹುಡುಕುವುದು ಕಷ್ಟ ಅಲ್ಲ. ಹಳೇ ವೈರಿನ ಯಂತ್ರದ ಕಡೆಯ ತುದಿಯೊಳಗೆ ಇಣುಕಿ, ಪಿನ್ ಬಗ್ಗಿದೆಯಾ, ಹಸಿರು ಕಿಲುಬು ಹಿಡಿದಿದೆಯಾ ನೋಡಿ. ಮಲೆನಾಡಿನ, ಕರಾವಳಿಯ ಮಳೆಗಾಲ ಕಂಡ ವೈರುಗಳಲ್ಲಿ ಇದು ತುಂಬಾ ಸಾಮಾನ್ಯ. ಕಿಲುಬನ್ನು ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ.

ಎಚ್‌ಡಿಎಂಐಗೆ ಬದಲಿಸುವ ಪುಟ್ಟ ಡಬ್ಬಿ ಬಳಸುತ್ತಿದ್ದೀರಾ? ಅದಕ್ಕೂ ಯುಎಸ್‌ಬಿಯಿಂದ 5 ವೋಲ್ಟ್ ಬೇಕು. ಡಬ್ಬಿಯ ದೀಪ ಹತ್ತದಿದ್ದರೆ ಪಿಎಸ್2ದು ಏನೂ ತಪ್ಪಿಲ್ಲ.

ಆಟದ ನಡುವೆ ಇದ್ದಕ್ಕಿದ್ದಂತೆ ಕಪ್ಪಾದರೆ ಸೆಟ್ಟಿಂಗ್ ನೆನಪಿಸಿಕೊಳ್ಳಿ. ಗ್ರ್ಯಾನ್ ಟುರಿಸ್ಮೊ 4ರಂಥ ಕೆಲವು ಗೇಮ್‌ಗಳಲ್ಲಿ 480ಪಿ ಎಂಬ, ಚಿತ್ರ ಇನ್ನಷ್ಟು ಸ್ಪಷ್ಟ ಮಾಡುವ ಆಯ್ಕೆ ಇದೆ. ಹಳದಿ ಪಿನ್ನಿನಲ್ಲಿ 480ಪಿ ಹೋಗುವುದಿಲ್ಲ, ಅದು ಕಾಂಪೊನೆಂಟ್ ವೈರಿಗೆ ಮಾತ್ರ. ಹಾಗೆಯೇ ಪಿಎಸ್2ರ ಗೇಮ್ ಚೆನ್ನಾಗಿ ಬಂದು, ಪಿಎಸ್1ರ ಡಿಸ್ಕ್ ಹಾಕಿದರೆ ಕಾಂಪೊನೆಂಟಿನಲ್ಲಿ ಕಪ್ಪು ಎಂದರೆ ಯಂತ್ರ ಕೆಟ್ಟಿಲ್ಲ. ಪಿಎಸ್1ರ ಚಿತ್ರ 240 ಗೆರೆಗಳದ್ದು, ಬಹಳಷ್ಟು ಹೊಸ ಟಿವಿಗಳಿಗೆ ಆ ದಾರಿಯಲ್ಲಿ ಅದು ಅರ್ಥವಾಗುವುದಿಲ್ಲ. ಹಳದಿ ಪಿನ್ನಿಗೆ ಬದಲಿಸಿ.

ಚಿತ್ರ ಬರುತ್ತದೆ, ಬಣ್ಣ ಸರಿ ಇಲ್ಲ

ಪೂರ್ತಿ ಕಪ್ಪು ಬಿಳುಪು ಬಂದರೆ ಎರಡು ಕಾರಣ ಸಾಮಾನ್ಯ. ಒಂದು, ಹಳದಿ ಪಿನ್ ಹಸಿರು ತೂತಿನಲ್ಲಿದ್ದು ಟಿವಿ ಕಾಂಪೊನೆಂಟ್ ಇನ್‌ಪುಟ್‌ನಲ್ಲಿದೆ. ಎವಿಗೆ ಬದಲಿಸಿದರೆ ಬಣ್ಣ ಬರುತ್ತದೆ. ಎರಡು, ಯಂತ್ರ ಅಮೆರಿಕದ್ದು. ಅಲ್ಲಿಯ ಟಿವಿ ಚಿತ್ರದ ಪದ್ಧತಿ ಎನ್‌ಟಿಎಸ್‌ಸಿ, 60 ಹರ್ಟ್ಸ್. ನಮ್ಮದು ಪಾಲ್, 50 ಹರ್ಟ್ಸ್. ಹಳೇ ಡಬ್ಬಾ ಟಿವಿಯಾದರೆ ಬಣ್ಣ ಹೋಗುತ್ತದೆ ಅಥವಾ ಚಿತ್ರ ಮೇಲಕ್ಕೆ ಉರುಳುತ್ತಲೇ ಇರುತ್ತದೆ. ಟಿವಿಯ ಮೆನುವಿನಲ್ಲಿ ಕಲರ್ ಸಿಸ್ಟಮ್ ಆಟೋಗೆ ಇಡಿ.

ಎಲ್ಲವೂ ಹಸಿರು ಅಥವಾ ನೇರಳೆಯಾಗಿ ಕಂಡರೆ, ಅದೂ ಕಾಂಪೊನೆಂಟ್ ವೈರಿನಲ್ಲೋ ಎಚ್‌ಡಿಎಂಐ ಡಬ್ಬಿಯಲ್ಲೋ, ಪಿಎಸ್2ನ ಸೆಟ್ಟಿಂಗ್ ಆರ್‌ಜಿಬಿಯಲ್ಲಿದೆ, ಅಂದರೆ ಬಣ್ಣ ಕಳಿಸುವ ಬೇರೆ ವಿಧಾನದಲ್ಲಿದೆ. ಡಿಸ್ಕ್ ಹಾಕದೆ ಆನ್ ಮಾಡಿ, ಸಿಸ್ಟಮ್ ಕಾನ್ಫಿಗರೇಶನ್‌ಗೆ ಹೋಗಿ, ಕಾಂಪೊನೆಂಟ್ ವಿಡಿಯೋ ಔಟ್ ಎಂಬಲ್ಲಿ ವೈ ಎಂದು ಶುರುವಾಗುವ ಇನ್ನೊಂದು ಆಯ್ಕೆಗೆ ಬದಲಿಸಿ. ಪರದೆ ಓದಲೇ ಆಗುತ್ತಿಲ್ಲವಾದರೆ ಸ್ವಲ್ಪ ಹೊತ್ತಿಗೆ ಹಳದಿ ಪಿನ್ನಿನ ವೈರ್ ಹಾಕಿ ಬದಲಿಸಿ. ಅದರಲ್ಲಿ ಈ ಸೆಟ್ಟಿಂಗ್ ಏನಿದ್ದರೂ ಚಿತ್ರ ಬರುತ್ತದೆ.

ಸದ್ದಿನ ತೊಂದರೆ, ಗುಂಯ್‌ಗುಡುವಿಕೆ

ಒಂದೇ ಕಡೆ ಸದ್ದು ಬಂದರೆ ಬಿಳಿ, ಕೆಂಪು ಅದಲು ಬದಲು ಮಾಡಿ. ಸದ್ದಿಲ್ಲದ ಬದಿ ಟಿವಿಯಲ್ಲಿ ಬದಲಾದರೆ ವೈರಿನದೋ ಯಂತ್ರದ್ದೋ ತಪ್ಪು, ಬದಲಾಗದಿದ್ದರೆ ಟಿವಿಯದು. ಕಾಂಪೊನೆಂಟ್ ವೈರಿನಲ್ಲಿ ಎರಡು ಕೆಂಪು ಪಿನ್ ಇರುತ್ತವೆ, ಒಂದು ಚಿತ್ರಕ್ಕೆ, ಒಂದು ಸದ್ದಿಗೆ. ಅವು ಅದಲು ಬದಲಾಗಿರುವುದು ತೀರಾ ಸಾಮಾನ್ಯ. ಗುಂಯ್ ಎನ್ನುವ ಸದ್ದು ಅಥವಾ ಪರದೆಯಲ್ಲಿ ನಿಧಾನಕ್ಕೆ ಏರುವ ಮಬ್ಬು ಪಟ್ಟೆ ಇದ್ದರೆ ಟಿವಿಯಿಂದ ಕೇಬಲ್ ಟಿವಿ ವೈರನ್ನೋ ಹೋಮ್ ಥಿಯೇಟರನ್ನೋ ಕಳಚಿ ನೋಡಿ. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಿದರೂ ಕಡಿಮೆಯಾಗುತ್ತದೆ.

ಮುಟ್ಟಿದರೆ ಜುಂ ಎನ್ನುತ್ತದೆ

ಎವಿ ಪಿನ್ನಿನ ಲೋಹ ಮುಟ್ಟಿದಾಗ ಬೆರಳಿಗೆ ಇರುವೆ ಹರಿದಂತೆ ಆಗುವುದುಂಟು. ಎರಡು ಪಿನ್ನಿನ ಪವರ್ ಸಪ್ಲೈಗಳಿಂದ ತೀರಾ ಸಣ್ಣ ಪ್ರಮಾಣದ ಕರೆಂಟ್ ಹೀಗೆ ಸೋರುತ್ತದೆ. ಆದರೆ ಇದನ್ನು ಸುಮ್ನೆ ಬಿಡಬೇಡಿ, ವಿಶೇಷವಾಗಿ ಮಕ್ಕಳು ಬರಿಗಾಲಿನಲ್ಲಿ ನೆಲದ ಮೇಲೆ ಕೂತು ಆಡುವ ಮನೆಯಲ್ಲಿ. ಟಿವಿ ಸಾಕೆಟ್ಟಿಗೆ ಅರ್ಥಿಂಗ್ ಇದೆಯಾ ಎಂದು ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಕೈ ಹಿಂದಕ್ಕೆ ಎಳೆದುಕೊಳ್ಳುವಷ್ಟು ಜೋರಾಗಿ ಹೊಡೆದರೆ ಮೇನ್ ಆಫ್ ಮಾಡಿ ಪ್ಲಗ್ ತೆಗೆಯಿರಿ, ಮತ್ತೆ ಹಾಕಬೇಡಿ.

ಸ್ವಲ್ಪ ಹೊತ್ತು ಓಡಿ ತಾನೇ ಆಫ್ ಆಗುತ್ತದೆ

ಹಿಂದೆ ಕೈ ಇಟ್ಟು ನೋಡಿ, ಗಾಳಿ ಬರುತ್ತಿದೆಯಾ? ಬರದಿದ್ದರೆ ಫ್ಯಾನ್ ನಿಂತಿದೆ ಅಥವಾ ಧೂಳು ಕಟ್ಟಿದೆ. ಟಿವಿ ಸ್ಟ್ಯಾಂಡಿನ ಗೂಡಿನೊಳಗೆ ತುರುಕಿದ್ದರೆ ಹೊರಗೆ ಇಡಿ, ಮೇಲೆ ಹಾಸಿದ ಕಸೂತಿ ಬಟ್ಟೆ ತೆಗೆಯಿರಿ. ಆಫ್ ಮಾಡಿ, ಪ್ಲಗ್ ತೆಗೆದು, ಮೆತ್ತನೆ ಬ್ರಷ್ಷಿನಲ್ಲಿ ಕಿಂಡಿಗಳ ಧೂಳು ತೆಗೆದರೆ ಎಷ್ಟೋ ಸಲ ಸರಿಹೋಗುತ್ತದೆ. ತಣ್ಣಗಿದ್ದಾಗಲೂ ಆಫ್ ಆಗುತ್ತಿದ್ದರೆ ಮೇಲೆ ಹೇಳಿದ ಅಡಾಪ್ಟರ್, ಲೂಸ್ ಪಿನ್ ಕಡೆ ಮತ್ತೆ ಬನ್ನಿ.

ಇವು ಪವರ್ ದೋಷ ಅಲ್ಲ

ಕೆಂಪು ಪರದೆ ಬಂದು ಸರಿಯಾದ ಡಿಸ್ಕ್ ಹಾಕಿ ಎಂದರೆ ಕರೆಂಟ್, ವೈರ್ ಎಲ್ಲ ಸರಿ ಇವೆ. ಡಿಸ್ಕ್ ಅಥವಾ ಲೆನ್ಸ್ ನೋಡಬೇಕು. ಪ್ರತಿ ಸಲ ಆನ್ ಮಾಡಿದಾಗ ದಿನಾಂಕ, ಭಾಷೆ ಕೇಳುತ್ತಿದ್ದರೆ ಒಳಗಿನ ಸಿಆರ್2032 ಗುಂಡಿ ಸೆಲ್ ಮುಗಿದಿದೆ. ಅದು ಇಲ್ಲದೆಯೂ ಆಟ ನಡೆಯುತ್ತದೆ.

ಇಲ್ಲಿಂದ ಮುಂದೆ ನೀವು ಬೇಡ

ದಪ್ಪ ಪಿಎಸ್2 ಮತ್ತು 90000ದ ಸಾಲಿನ ಪವರ್ ಸಪ್ಲೈಯನ್ನು ಮನೆಯಲ್ಲಿ ಬಿಚ್ಚಬೇಡಿ. ಗೋಡೆಯ 230 ವೋಲ್ಟ್ ಒಳಗೆ ಡಿಸಿ ಆದಾಗ ಸುಮಾರು 325 ವೋಲ್ಟ್ ಆಗುತ್ತದೆ, ಅದು ಕೂತಿರುವುದು ಒಂದು ದೊಡ್ಡ ಕೆಪಾಸಿಟರಿನಲ್ಲಿ. ಪ್ಲಗ್ ತೆಗೆದ ಮೇಲೂ ಅದು ಸ್ವಲ್ಪ ಹೊತ್ತು ಉಳಿದಿರುತ್ತದೆ, ಕೆಟ್ಟ ಸಪ್ಲೈಯಲ್ಲಿ ಇನ್ನೂ ಜಾಸ್ತಿ ಹೊತ್ತು. ಫ್ಯೂಸ್ ಹೋಗಿದ್ದರೆ ತಾಮ್ರದ ಎಳೆ ಸುತ್ತುವುದು, ದೊಡ್ಡ ಫ್ಯೂಸ್ ಹಾಕುವುದು ಎರಡೂ ಬೆಂಕಿಗೆ ದಾರಿ. ಸುಟ್ಟ ವಾಸನೆ, ಹೊಗೆ, ಚಿಟಪಟ ಸದ್ದು, ಕರಗಿದ ಪ್ಲಾಸ್ಟಿಕ್, ಒಳಗೆ ನೀರು ಹೋದ ಗುರುತು, ಇವುಗಳಲ್ಲಿ ಯಾವುದು ಕಂಡರೂ ಪರೀಕ್ಷೆ ಅಲ್ಲಿಗೇ ನಿಲ್ಲಲಿ.

ಬೆಂಗಳೂರಿನವರಿಗೆ ವೈರ್, ಅಡಾಪ್ಟರ್, ಟ್ರಾನ್ಸ್‌ಫಾರ್ಮರ್ ಎಲ್ಲಕ್ಕೂ ಎಸ್‌ಪಿ ರೋಡ್ ಇದೆ. ಬೇರೆ ಊರಿನಲ್ಲಿ ಟಿವಿ ರಿಪೇರಿ ಮಾಡುವವರು ಈ ಪವರ್ ಸಪ್ಲೈ ನೋಡಬಲ್ಲರು, ಅದು ಅವರು ದಿನಾ ಮಾಡುವ ಕೆಲಸದ ಥರದ್ದೇ. ಹೋಗುವಾಗ ಏನೇನು ಬದಲಿಸಿ ನೋಡಿದಿರಿ, ಯಾವ ದೀಪ ಬಂತು, ಅಡಾಪ್ಟರಿನಲ್ಲಿ ಎಷ್ಟು ವೋಲ್ಟ್ ಸಿಕ್ಕಿತು ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಪವರ್ ವೈರ್, ಅಡಾಪ್ಟರ್, ಎವಿ ವೈರ್ ಮೂರನ್ನೂ ಜೊತೆಗೆ ಒಯ್ಯಿರಿ. ಒಳಗಿನ ಡಿಸ್ಕ್ ತೆಗೆದಿಡಿ. 8 ಎಂಬಿಯ ಮೆಮೊರಿ ಕಾರ್ಡ್ ಮಾತ್ರ ಮನೆಯಲ್ಲೇ ಬಿಟ್ಟು ಹೋಗಿ, ರಿಪೇರಿಗೆ ಅದರ ಅಗತ್ಯವೇ ಇಲ್ಲ.